ಕತ್ತಿ ತೀಡಲು ಯಾವ ಬಟ್ಟೆ

ಹದಿನಾಲ್ಕನೆಯ ತಾರೀಖು, ಮಂಗಳವಾರ

ಮುದ್ದಿನ ಪುಟ್ಟಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವೂ ಚೆನ್ನಾಗಿದೆ, ನನ್ನ ಕೆಮ್ಮೂ ಚೆನ್ನಾಗಿದೆ, ನಾಲ್ವರೂ ಒಂದೇ ಮನೆಯಲ್ಲಿ ಹೊಂದಿಕೊಂಡು ಇದ್ದೇವೆ. ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ "ಬರೀತಿದೀನಿ, ಬರೀತಿದೀನಿ" ಎಂದು ತೇಲಿಸಿಬಿಟ್ಟೆ. ನೀನೇ ಬರೆದಿದ್ದೆಯಲ್ಲ, "ಫೋನಲ್ಲಿ ಕೇಳಿದ್ರೆ ನೀವು ಮಾತು ಬದಲಾಯಿಸ್ತೀರ, ಅದಕ್ಕೇ ಕಾಗದ" ಅಂತ. ಅಪ್ಪನನ್ನು ಚೆನ್ನಾಗಿಯೇ ಓದಿಕೊಂಡಿದ್ದೀಯ.

ಅಕ್ಷರ ಹೀಗೆ ಕುಣಿಯುತ್ತಿರುವುದನ್ನು ನೋಡಿ ಗಾಬರಿಯಾಗಬೇಡ. ಮೂರು ವರ್ಷದ ಹಿಂದೆ ನಮ್ಮ ಕ್ಷೌರದಂಗಡಿ ಮುಚ್ಚುವಾಗ ಕೈ ಹೇಗೆ ನಡುಗುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಹಾಗೇ ಇದೆ. ಮೇಲೆತ್ತಿ ಹಿಡಿದರೆ ನಡುಗುತ್ತದೆ, ಎಲ್ಲಾದರೂ ಊರಿದರೆ ಸುಮ್ಮನಿರುತ್ತದೆ. ಮೇಜಿನ ಮೇಲೆ ಮೊಣಕೈ ಊರಿ ಬರೆಯುತ್ತಿದ್ದೇನೆ. ನಿನ್ನ ಅಮ್ಮ "ನಾನು ಬರ್ಕೊಡ್ತೀನಿ, ನೀವು ಹೇಳಿ" ಅಂದಳು. ಬೇಡ ಅಂದೆ. ಅವಳು ಬರೆದರೆ ನನ್ನ ಮಾತು ಎರಡು ಸಾಲು, ಅವಳ ಮಾತು ಎರಡು ಪುಟ ಆಗುತ್ತದೆ.

ನೀನು ಸ್ವಂತ ಅಂಗಡಿ ಹಾಕುತ್ತಿರುವುದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಬರೆಯಲಿ? ಎಂಟು ವರ್ಷ ಬೇರೆಯವರ ಸಲೂನಿನಲ್ಲಿ ನಿಂತು ತಲೆಕೂದಲು ಕತ್ತರಿಸಿದೆ. ಬರುವ ಒಂದನೆಯ ತಾರೀಖಿಗೆ ನಿನ್ನದೇ ಬಾಗಿಲು, ನಿನ್ನದೇ ಎರಡು ಕುರ್ಚಿ. ಓದಿದ ದಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ಆದರೆ ಕಾಗದದ ಕೊನೆಗೆ ನೀನು ಬರೆದ ನಾಲ್ಕು ಸಾಲಿಗೆ ಬಂದು ನಿಂತುಬಿಟ್ಟೆ. "ಕತ್ತರಿಗೆ ಹೆದರಿಕೆ ಇಲ್ಲ ಅಪ್ಪ. ಕತ್ತಿ ಮುಟ್ಟೋಕೆ ಮಾತ್ರ ಕೈ ಮುಂದೆ ಬರಲ್ಲ. ಗಡ್ಡದ ಕುರ್ಚಿಗೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳೋದಾ ಅಂತ ಯೋಚಿಸ್ತಿದೀನಿ. ಅದಕ್ಕೂ ಮುಂಚೆ ಕೊನೆ ಸಲ ನಾನೇ ಕತ್ತಿ ಹಿಡಿದು ನೋಡ್ತೀನಿ. ಕತ್ತಿ ತೀಡೋ ಚರ್ಮದ ಪಟ್ಟಿ ಇಲ್ಲಿ ಅಂಗಡೀಲಿ ಸಿಗುತ್ತೆ, ಬಟ್ಟೆದು ನಾನೇ ಹೊಲ್ಕೋಬೇಕು. ಯಾವ ಬಟ್ಟೆ ಅಂತ ನೀವೇ ಹೇಳಿ. ಆ ಪೈಪಿನ ಬಟ್ಟೆ ಒಂದು ಬಿಟ್ಟು."

ಪೈಪಿನ ಬಟ್ಟೆ. ನೀನು ಮರೆತಿರುತ್ತೀಯ ಅಂದುಕೊಂಡಿದ್ದೆ.

ಆಗ ನಿನಗೆ ಹದಿನೇಳು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಂದು ಕತ್ತಿಗಳನ್ನೆಲ್ಲ ತೀಡಿಟ್ಟು ಕಾಲೇಜಿಗೆ ಹೋಗುತ್ತಿದ್ದೆ. ಬೆಂಕಿ ಆರಿಸುವವರು ಎಸೆದ ಹಳೆಯ ನೀರಿನ ಪೈಪನ್ನು ನೀನೇ ಗುಜರಿಯಿಂದ ಹೊತ್ತು ತಂದು, ಸೀಳಿ, ಒಳಗಿನ ರಬ್ಬರು ಕಿತ್ತು, ಮೇಲಿನ ಬಟ್ಟೆಯನ್ನು ವಾರವೆಲ್ಲ ನೆನೆಸಿ ಒಗೆದು ಪಟ್ಟಿ ಹೊಲಿದಿದ್ದೆ. "ಇದೇನು ಬೆಂಕಿಗೆ ಹಾಕೋದಾ?" ಎಂದು ನಾನು ಗೇಲಿ ಮಾಡಿದ್ದೆ. ಆಮೇಲೆ ಆ ಶನಿವಾರ, ಅಂಗಡಿ ತುಂಬ ಜನ ಇರುವಾಗ, ನಾನು ಗಡ್ಡ ಹೆರೆಯುತ್ತಿದ್ದ ಗಡಿಯಾರ ರಿಪೇರಿಯವರ ದವಡೆ ಕೊಯ್ದುಹೋಯಿತು. ನಾನು ಎಲ್ಲರ ಮುಂದೆ "ಅಂಥ ಬಟ್ಟೆ ಮೇಲೆ ತೀಡಿದ್ರೆ ಇನ್ನೇನಾಗುತ್ತೆ, ಕತ್ತಿ ಬಾಯಿ ಹಾಳುಮಾಡಿಟ್ಟಿದಾಳೆ" ಎಂದು ನಿನ್ನ ಮೇಲೆ ಹರಿಹಾಯ್ದೆ. ನೀನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹಿಂದಿನ ಬಾಗಿಲಿಂದ ಹೋದೆ. ಹನ್ನೆರಡು ವರ್ಷವಾಯಿತು. ಆ ವಿಷಯ ಇಲ್ಲಿಗೇ ಬಿಡೋಣ, ನೀನು ಕೇಳಿದ್ದು ಬಟ್ಟೆ.

ಬಟ್ಟೆ ಏನು ಮಾಡುತ್ತದೆ ಎಂಬುದು ನಿನಗೆ ಗೊತ್ತಿದೆ, ಆದರೂ ಮತ್ತೆ ಹೇಳುತ್ತೇನೆ. ಇಷ್ಟು ವರ್ಷವಾದ ಮೇಲೆ ಪಾಠ ಮಾಡುವ ಯೋಗ ಬಂದಿದೆ, ಬಿಡುವುದುಂಟೇ? ಹರಿತ ಮಾಡುವುದು ಸಾಣೆಕಲ್ಲಿನ ಕೆಲಸ. ಬಟ್ಟೆ ಹರಿತ ಮಾಡುವುದಿಲ್ಲ. ಕತ್ತಿಯ ಬಾಯಿಗೆ ಅಂಟಿದ ಕಣ್ಣಿಗೆ ಕಾಣದ ಕೊಳೆ, ಒದ್ದೆ, ಸಾಬೂನಿನ ಪಸೆ ಎಲ್ಲ ಒರೆಸಿ, ಬಾಯಿಯನ್ನು ಒಂದಿಷ್ಟು ಬೆಚ್ಚಗೆ ಮಾಡಿ, ಅತ್ತಿತ್ತ ಬಾಗಿದ ಅಂಚನ್ನು ನೆಟ್ಟಗೆ ನಿಲ್ಲಿಸಿ ಚರ್ಮದ ಪಟ್ಟಿಗೆ ಒಪ್ಪಿಸುತ್ತದೆ. ಅಷ್ಟೇ. ಆದರೆ ಅಷ್ಟನ್ನು ಸರಿಯಾಗಿ ಮಾಡದಿದ್ದರೆ ಚರ್ಮದ ಮೇಲೆ ಎಷ್ಟು ತೀಡಿದರೂ ಪ್ರಯೋಜನವಿಲ್ಲ.

ಹಾಗಾಗಿ ಬಟ್ಟೆಯಲ್ಲಿ ನೋಡಬೇಕಾದದ್ದು ನೇಯ್ಗೆ ಬಿಗಿಯಾಗಿದೆಯಾ, ಎಳೆದರೆ ಹಿಗ್ಗದೆ ನಿಲ್ಲುತ್ತದಾ, ಮೇಲೆ ಜುಂಗು ಏಳುತ್ತದಾ ಎಂಬುದು. ಬಣ್ಣ, ಅಂದ ಎಲ್ಲ ಗಿರಾಕಿಗೆ ತೋರಿಸಲು.

ಕಾಗದ ಬಂದ ಮಾರನೆಯ ದಿನವೇ ಬಟ್ಟೆ ಹುಡುಕಲು ಹೊರಟೆ. ಪರದೆ ಹೊಲಿಯುವಾಕೆ ಕೊಟ್ಟ ತುಂಡುಗಳು, ಗುಜರಿಯವನು ಕೊಟ್ಟ ಕಾರಿನ ಸೀಟ್ ಬೆಲ್ಟು, ಲಾರಿಯ ಟಾರ್ಪಾಲಿನ ಚೂರು, ನನ್ನ ಹಳೆಯ ಚೀಲದ ಕ್ಯಾನ್ವಾಸು, ಎರಡು ಜೀನ್ಸ್ ಪ್ಯಾಂಟು. ನಾಲ್ಕೇ ದಿನದಲ್ಲಿ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ನಿನ್ನ ಅಮ್ಮ ಬಾಗಿಲಲ್ಲಿ ನಿಂತು, "ಮಗಳು ಕೇಳಿದ್ದು ಒಂದು ಮೊಳ ಬಟ್ಟೆ. ನೀವು ಜವಳಿ ಅಂಗಡಿ ಇಡೋ ಹಾಗೆ ಕಾಣುತ್ತೆ" ಅಂದಳು. ಬೈದುಕೊಂಡೇ ಬೀರುವಿನಿಂದ ಲಿನನ್ ಅನ್ನುತ್ತಾರಲ್ಲ, ಆ ನಾರಿನ ಒಂದು ಮೇಜುಬಟ್ಟೆ ತೆಗೆದು ಕೊಟ್ಟಳು. ಒಗೆದೂ ಒಗೆದೂ ಮೆತ್ತಗಾಗಿತ್ತು, ನೇಯ್ಗೆ ಮಾತ್ರ ಒಂದೆಳೆ ಅಲುಗಿರಲಿಲ್ಲ.

ಮೊದಲಿಗೆ ಯಾವುದು ಬೇಡ ಅಂತ ಹೇಳುತ್ತೇನೆ. ಸೀಟ್ ಬೆಲ್ಟು ಅಗಲದಲ್ಲಿ, ಬಿಗಿಯಲ್ಲಿ ಹೇಳಿ ಮಾಡಿಸಿದ ಹಾಗಿದೆ. ನೋಡಿ ನಾನೂ ಬಾಯಿಬಿಟ್ಟೆ. ಆದರೆ ನೈಲಾನು, ಕತ್ತಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆಯೇ ಹೊರತು ಒಂದು ಚೂರೂ ಹಿಡಿಯುವುದಿಲ್ಲ, ಗಾಜಿನ ಮೇಲೆ ತೀಡಿದಂತೆ. ಟಾರ್ಪಾಲಿನಲ್ಲಿ ಮೇಣವಿದೆ, ಕತ್ತಿಗೆ ಮೆತ್ತಿಕೊಳ್ಳುತ್ತದೆ. ಮಖಮಲ್ಲು, ಉಣ್ಣೆ ಮುಟ್ಟಲೇಬೇಡ. ಮೃದುವಾದ ಬಟ್ಟೆ ಕತ್ತಿಗೆ ಒಳ್ಳೆಯದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೃದುವಾದದ್ದರಲ್ಲಿ ಬಾಯಿ ಹೂತುಕೊಂಡು, ಎತ್ತುವಾಗ ಅಂಚು ದುಂಡಗಾಗುತ್ತದೆ. ಈಗಿನ ಜೀನ್ಸ್ ಪ್ಯಾಂಟಿನಲ್ಲಿ ರಬ್ಬರಿನ ಎಳೆ ಸೇರಿಸಿರುತ್ತಾರೆ, ನಡುವೆ ಜೋಲುಬೀಳುತ್ತದೆ, ಅದರದ್ದೂ ಇದೇ ಕಥೆ.

ಉಳಿದದ್ದು ನಾಲ್ಕು: ಹಳೆಯ ಕಾಲದ ದಪ್ಪ ಜೀನ್ಸು, ಚೀಲದ ಕ್ಯಾನ್ವಾಸು, ಪರದೆಯಾಕೆ ಕೊಟ್ಟ ರೇಷ್ಮೆ, ಅಮ್ಮನ ಮೇಜುಬಟ್ಟೆ. ನಾಲ್ಕನ್ನೂ ಬಿಸಿನೀರಿನಲ್ಲಿ ಒಗೆದು ಗಂಜಿ ಬಿಡಿಸಿದೆ. ಇದನ್ನು ಮಾತ್ರ ಮರೆಯಬೇಡ. ಹೊಸ ಬಟ್ಟೆಯ ಗಂಜಿ ಒಣಗಿ ಪುಡಿಯಾಗಿ ಕತ್ತಿಗೆ ಮರಳಿನ ಹಾಗೆ ತಾಗುತ್ತದೆ. ನನ್ನ ನಾಲ್ಕು ಹಳೆಯ ಕತ್ತಿಗಳನ್ನು ಒಂದೇ ಕಲ್ಲಿನ ಮೇಲೆ ಒಂದೇ ಲೆಕ್ಕದಲ್ಲಿ ಮಸೆದೆ. ಕಲ್ಲಿನ ಮೇಲೆ ಕೈ ಊರಿರುತ್ತದಲ್ಲ, ತೊಂದರೆಯಾಗಲಿಲ್ಲ. ಆಮೇಲೆ ಒಂದೊಂದು ಕತ್ತಿಗೆ ಒಂದೊಂದು ಬಟ್ಟೆ, ನಲವತ್ತು ನಲವತ್ತು ಸಲ. ಪಟ್ಟಿಯ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ನಿನ್ನ ಅಮ್ಮನ ಕೈಗೆ.

"ಬಿಗಿ ಹಿಡಿಯೇ, ಜೋಲು ಬಿಡ್ತಿದೀಯ" ಅಂದರೆ, "ರೀ, ಮದುವೆಯಾಗಿ ಮೂವತ್ತೈದು ವರ್ಷದಿಂದ ಬಿಗಿ ಹಿಡ್ಕೊಂಡೇ ಇದೀನಿ, ಸ್ವಲ್ಪ ಬಿಟ್ರೆ ಏನಾಗುತ್ತೆ ನೋಡೋಣ" ಅಂದಳು. ಅವಳ ಬಾಚಣಿಗೆಯಿಂದ ಉದ್ದದ ಕೂದಲೊಂದನ್ನು ತೆಗೆದು, ತುದಿ ಹಿಡಿದು ನೇತುಬಿಟ್ಟು, ಕತ್ತಿಯ ಬಾಯಿಗೆ ಮುಟ್ಟಿಸಿದೆವು. ಹಿಡಿದದ್ದು ಅವಳು, ನನ್ನ ಕೈಯಲ್ಲಿ ಕೂದಲು ನಿಲ್ಲಬೇಕಲ್ಲ. ಜೀನ್ಸಿನ ಕತ್ತಿಗೆ ಕೂದಲು ಬಾಗಿತು, ತುಂಡಾಗಲಿಲ್ಲ. ಅದರ ನೇಯ್ಗೆ ಓರೆ, ಕತ್ತಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ರೇಷ್ಮೆಯ ಕತ್ತಿಗೆ ತುಂಡಾಯಿತು, ಆದರೆ ಮೂವತ್ತೆಂಟನೆಯ ಸಲಕ್ಕೆ ಬಟ್ಟೆಯೂ ತುಂಡಾಯಿತು. ಕ್ಯಾನ್ವಾಸು, ಮೇಜುಬಟ್ಟೆ ಎರಡಕ್ಕೂ ಕೂದಲು ಸದ್ದಿಲ್ಲದೆ ಬಿತ್ತು.

ಯಾವುದು ಹೆಚ್ಚು ಎಂದು ನನ್ನ ಕಣ್ಣಿಗೆ ಗೊತ್ತಾಗಲಿಲ್ಲ. ಕತ್ತಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಗಡಿಯಾರ ರಿಪೇರಿಯವರ ಹತ್ತಿರ ಹೋದೆ. ಹೌದು, ಅವರೇ. ಈಗ ಎಪ್ಪತ್ತು ದಾಟಿದೆ, ಆದರೂ ಬೆಳಿಗ್ಗೆ ಹತ್ತಕ್ಕೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಅವರ ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರಗಳ ಚಕ್ರ, ಸ್ಕ್ರೂ ಎಲ್ಲ ಸಣ್ಣ ಬಟ್ಟಲುಗಳಲ್ಲಿ. ನಾನು ಒಳಗೆ ಹೋದ ಕೂಡಲೇ ಬಟ್ಟಲುಗಳ ಮೇಲೆ ಕೈ ಅಡ್ಡ ಇಟ್ಟು, "ಕೆಮ್ಮೋದಾದ್ರೆ ಹೊರಗೆ ಕೆಮ್ಮು ಮಾರಾಯ" ಅಂದರು. ಒಂದೊಂದೇ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಯಾವುದು ಯಾವ ಬಟ್ಟೆಯದೆಂದು ನಾನು ಹೇಳಿರಲಿಲ್ಲ. ಜೀನ್ಸಿನದನ್ನು "ಇದರ ಬಾಯಿ ಹಲ್ಲು ಹಲ್ಲಾಗಿದೆ" ಎಂದು ಪಕ್ಕಕ್ಕಿಟ್ಟರು. ಕ್ಯಾನ್ವಾಸಿನದನ್ನು "ಸ್ವಲ್ಪ ಒರಟು" ಅಂದರು. ಮೇಜುಬಟ್ಟೆಯದನ್ನು ನೋಡಿ, "ಇದು ಪರವಾಗಿಲ್ಲ, ಚೆನ್ನಾಗಿದೆ" ಅಂದರು.

ಆದ್ದರಿಂದ ನಾರಿನ ಬಟ್ಟೆ ತೆಗೆದುಕೋ. ಹಳೆಯದೇ ಆಗಲಿ, ತುಂಬ ಸಲ ಒಗೆದದ್ದು. ಅಗಲ ನಾಲ್ಕು ಬೆರಳು, ಉದ್ದ ನಿನ್ನ ತೋಳಿಗಿಂತ ಸ್ವಲ್ಪ ಕಡಿಮೆ. ಎರಡು ಪದರ ಮಡಿಚು, ನಡುವೆ ಕ್ಯಾನ್ವಾಸು ಕೊಡು, ಬಲ ಬರುತ್ತದೆ. ಹೊಲಿಗೆ ಹಿಂಬದಿಗೆ ಬರಲಿ, ಕತ್ತಿ ಓಡುವ ದಾರಿಯಲ್ಲಿ ಒಂದು ಗಂಟೂ ಇರಬಾರದು. ಎಳೆ ಉದ್ದುದ್ದಕ್ಕೆ ಇರುವಂತೆ ಕತ್ತರಿಸು, ಓರೆ ಕತ್ತರಿಸಿದರೆ ಹಿಗ್ಗುತ್ತದೆ. ತೀಡುವಾಗ ಬೆನ್ನು ಮುಂದೆ, ಬಾಯಿ ಹಿಂದೆ, ತಿರುಗಿಸುವುದು ಬೆನ್ನಿನ ಮೇಲೆ. ಇದನ್ನು ನಿನಗೆ ಹೇಳಬೇಕೇ, ನಿನ್ನಷ್ಟು ನೇರವಾಗಿ ತೀಡುವವರನ್ನು ನಾನು ನೋಡಿಲ್ಲ. ಅಮ್ಮನ ಮೇಜುಬಟ್ಟೆಯ ಅರ್ಧ ಇದರ ಜೊತೆ ಕಳಿಸುತ್ತಿದ್ದೇನೆ. ಉಳಿದರ್ಧ ಅವಳು ಕೊಡಲಿಲ್ಲ, ಮೇಜು ಬೋಳಾಗುತ್ತದಂತೆ.

ಬೇರೆ ಸುದ್ದಿ ಏನೂ ಇಲ್ಲ. ನಮ್ಮ ಅಂಗಡಿ ಇದ್ದ ಕೋಣೆಯಲ್ಲಿ ಈಗ ಬೀಗದ ಕೈ ಮಾಡುವವನು ಕೂತಿದ್ದಾನೆ. ದೊಡ್ಡ ಕನ್ನಡಿಯನ್ನು ಹಾಗೇ ಇಟ್ಟುಕೊಂಡಿದ್ದಾನೆ, ಕೆಲಸ ಕಡಿಮೆ, ತಲೆ ಬಾಚಿಕೊಳ್ಳುವುದು ಜಾಸ್ತಿ. ಹೊಟ್ಟೆ ನೋಡಿಕೋ. ನಿಂತು ಕೆಲಸ ಮಾಡುವವರು ತಿನ್ನುವುದನ್ನು ಮರೆಯುತ್ತಾರೆ, ನಾನೂ ಹಾಗೇ ಇದ್ದೆ. ನಿನ್ನ ಬಾಗಿಲಿಗೆ ಒಳ್ಳೆಯ ಜನ ಬರಲಿ, ಬಂದವರು ಮತ್ತೆ ಬರಲಿ, ನಿನ್ನ ಕೈ ನೂರು ಕಾಲ ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಇಂದು ಹದಿನೇಳನೆಯ ತಾರೀಖು. ಮೂರು ದಿನದಿಂದ ಕವರು ಅಂಟಿಸದೆ ಇಟ್ಟುಕೊಂಡು ಕೂತಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ನುಣುಚಿಕೊಂಡಿದ್ದೇನೆ. ಟವೆಲಿನಲ್ಲಿ ಇದ್ದದ್ದು ನಾಲ್ಕು ಕತ್ತಿಯಲ್ಲ, ಐದು.

ಐದನೆಯದನ್ನು ತೀಡಿದ್ದು ನಿನ್ನ ಪೈಪಿನ ಪಟ್ಟಿಯ ಮೇಲೆ. ಅದನ್ನು ಒಲೆಗೆ ಹಾಕಿದೆ ಎಂದು ನಿನಗೆ ಹೇಳಿದ್ದೆ, ಹಾಕಿರಲಿಲ್ಲ. ಅಂಗಡಿ ಮುಚ್ಚುವವರೆಗೆ ಒಂಬತ್ತು ವರ್ಷ ಅದರ ಮೇಲೇ ತೀಡಿದೆ. ನೀನು ಊರಿಗೆ ಬಂದಾಗ ಡ್ರಾಯರಿನೊಳಗೆ ಸೇರಿಸುತ್ತಿದ್ದೆ, ನೀನು ಬಸ್ಸು ಹತ್ತಿದ ಮೇಲೆ ಮತ್ತೆ ಹೊರಗೆ ತೆಗೆಯುತ್ತಿದ್ದೆ. ಅದಕ್ಕಿಂತ ಒಳ್ಳೆಯ ಬಟ್ಟೆ ನನಗೆ ಸಿಗಲಿಲ್ಲ ಪುಟ್ಟಿ, ಈ ಇಪ್ಪತ್ತಮೂರು ದಿನವೂ ಹುಡುಕಿದೆ. ಬೇರೆ ಯಾವುದಾದರೂ ಅದನ್ನು ಮೀರಿಸಿದರೆ ಇದನ್ನು ಬರೆಯುವುದು ತಪ್ಪುತ್ತದೆ ಎಂದು ಹುಡುಕಿದೆ.

ಗಡಿಯಾರದವರು ಐದನೆಯ ಕತ್ತಿಯನ್ನು ಕಣ್ಣಿನಿಂದ ಇಳಿಸಲೇ ಇಲ್ಲ. "ಇದು ಯಾವುದರ ಮೇಲೆ ತೀಡಿದ್ದು?" ಅಂದರು. ಹೇಳಿದೆ. ಭೂತಗನ್ನಡಿ ಬಿಚ್ಚಿಟ್ಟು ದವಡೆಯ ಗಾಯದ ಗುರುತನ್ನು ಬೆಳಕಿಗೆ ತಿರುಗಿಸಿ, "ಇದನ್ನ ನೋಡು" ಅಂದರು. "ಗೀಟು ಎಳೆದ ಹಾಗಿದೆ. ಕತ್ತಿ ಬಾಯಿ ಕೆಟ್ಟಿದ್ರೆ ಚರ್ಮ ಹರೀತಿತ್ತು, ಹೀಗೆ ಕೂಡ್ಕೋತಿರಲಿಲ್ಲ. ಕತ್ತಿ ಚೆನ್ನಾಗೇ ಇತ್ತು ಕಣಯ್ಯ."

"ನಿಮಗೆ ಗೊತ್ತಿತ್ತಾ?" ಅಂದೆ.

"ಗೊತ್ತಿಲ್ದೆ ಏನು? ಕನ್ನಡಿ ನನ್ನೆದುರಿಗೇ ಇತ್ತಲ್ಲ. ನೀನು ಕೈ ಎತ್ತಿದಾಗ್ಲೇ ನಡುಗ್ತಿತ್ತು. ನಡುಗೋ ಕೈ ಯಾವುದು ಅಂತ ನನಗೆ ಯಾರಾದ್ರೂ ಹೇಳ್ಕೊಡಬೇಕಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಸಂಜೆ ನೀನೇ ಮಗಳಿಗೆ ಹೇಳ್ತೀಯ ಅಂದ್ಕೊಂಡೆ. ಮಾರನೆ ದಿನ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಅವಳು ಊರು ಬಿಟ್ಲು. ನನಗೂ ನಾಚಿಕೆ ಆಯ್ತು, ಸುಮ್ಮನಾದೆ."

ನಡುಕ ಶುರುವಾದದ್ದು ಮೂರು ವರ್ಷದ ಹಿಂದೆ ಅಲ್ಲ. ಆ ಶನಿವಾರಕ್ಕೂ ಎರಡು ತಿಂಗಳ ಮೊದಲೇ ಶುರುವಾಗಿತ್ತು. ಆಮೇಲೆ ನಾನು ಗಿರಾಕಿಯ ಕೆನ್ನೆಗೆ ಕಿರುಬೆರಳು ಊರಿ ಕತ್ತಿ ಹಿಡಿಯುವುದನ್ನು ಕಲಿತೆ, ಯಾರಿಗೂ ಗೊತ್ತಾಗದಂತೆ ಅಷ್ಟು ವರ್ಷ ದೂಡಿದೆ. ಅಂದು ಮಾತ್ರ ರಕ್ತ ಕಂಡ ಕೂಡಲೇ, ಕೈ ಹೋಯಿತು ಎಂದು ಊರಿಗೆ ಗೊತ್ತಾದರೆ ಅಂಗಡಿ ಹೋಯಿತು ಎಂಬ ಭಯಕ್ಕೆ, ಕಣ್ಣಿಗೆ ಬಿದ್ದ ನಿನ್ನ ಮೇಲೆ ಹಾಕಿಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಆದರೆ ಯೋಚಿಸಲು ಆಮೇಲೆ ಹನ್ನೆರಡು ವರ್ಷ ಇತ್ತು. ನಿನಗೆ ನಿನ್ನ ಕೈಯ ಮೇಲೆ ಹೆದರಿಕೆ ಹುಟ್ಟಿಸಿ, ನಾನು ನಿನ್ನ ಪಟ್ಟಿಯ ಮೇಲೆ ಕತ್ತಿ ತೀಡಿಕೊಂಡು ಇದ್ದೆ. ನನ್ನಿಂದ ದೊಡ್ಡ ತಪ್ಪಾಯಿತು ಮಗಳೇ.

ನಿನ್ನ ಅಮ್ಮನಿಗೆ ಮೊನ್ನೆ ಹೇಳಿದೆ. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ಬರೀರಿ" ಅಂದಳು. ಪೆನ್ನು ತಂದು ಮೇಜಿನ ಮೇಲಿಟ್ಟು ಹೋದಳು.

ಆ ಹಳೆಯ ಪಟ್ಟಿಯನ್ನು ಕಳಿಸುತ್ತಿಲ್ಲ, ಸವೆದು ಜಾಳಾಗಿದೆ. ನಿನ್ನ ಊರಿನಲ್ಲೂ ಬೆಂಕಿ ಆರಿಸುವವರು ಇರುತ್ತಾರೆ, ಹಳೆಯ ಪೈಪು ಕೇಳಿ ತಗೋ, ಅಂದು ಹೇಗೆ ಮಾಡಿದ್ದೆಯೋ ಹಾಗೇ ಮಾಡು. ಗಡ್ಡದ ಕುರ್ಚಿಗೆ ಬೇರೆ ಯಾರನ್ನೂ ಇಡಬೇಡ. ಗಡಿಯಾರದವರು ನಿನಗೆ ಹೇಳಿ ಕಳಿಸಿದ್ದಾರೆ: "ಅವಳು ತೀಡಿದ ಕತ್ತಿಗೆ ಇನ್ನೊಂದು ಸಲ ಕೂರೋಕೆ ನಾನು ರೆಡಿ. ಈ ಸಲ ಕೈಯೂ ಅವಳದೇ ಇರಲಿ."

ಅಂದು ಎಲ್ಲರ ಮುಂದೆ ಆಡಿದ ಮಾತನ್ನು ಅವರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು. ಆ ದಿನ ಬೆಂಚಿನ ಮೇಲೆ ಐದು ಜನ ಕೂತಿದ್ದರು. ಇಬ್ಬರು ತೀರಿಕೊಂಡಿದ್ದಾರೆ. ಉಳಿದ ಮೂವರ ಮನೆಗೆ ನಿನ್ನೆ ಹೋಗಿ, ತಪ್ಪು ನನ್ನದು, ನನ್ನ ಮಗಳದ್ದಲ್ಲ ಎಂದು ಹೇಳಿ ಬಂದೆ. ಅವರು ಏನನ್ನುತ್ತಾರೋ ಎಂದು ಹೆದರಿಕೊಂಡೇ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆನಲ್ಲ. ಒಬ್ಬರು "ಯಾವ ಗಾಯ?" ಅಂದರು. ಇನ್ನೊಬ್ಬರು ನನಗೆ ಕಾಫಿ ಕೊಟ್ಟು ಕೂರಿಸಿ ಬೇರೆ ಮಾತು ತೆಗೆದರು. ಮೂರನೆಯವರು ಕನ್ನಡಕ ಏರಿಸಿ ನನ್ನನ್ನು ನೋಡಿ, "ನಿನಗೆ ಮಗಳಿದ್ಲಾ?" ಅಂದರು. ಮೂವರಲ್ಲಿ ಒಬ್ಬರಿಗೂ ಆ ದಿನ ನೆನಪಿಲ್ಲ, ಪುಟ್ಟಿ.